ಒಂದೇ ಸ್ಟಿಕ್ಕರ್, ಒಳಗೆ ಬೇರೆ ಚಿಪ್: ಓವರ್‌ಕ್ಲಾಕಿಂಗ್‌ಗೆ ರ‍್ಯಾಮ್ ಹೋಲಿಸುವ ಕ್ರಮ

"ನನ್ನ ಹತ್ತಿರ ಎರಡು ರ‍್ಯಾಮ್ ಇದೆ. ಎರಡೂ 3200. ಯಾವುದನ್ನ ಜಾಸ್ತಿ ಓಡಿಸಬಹುದು?" ಮೈಸೂರು, ಮಂಡ್ಯ ಕಡೆಯ ಓದುಗರು, ಅದರಲ್ಲೂ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲಂತೂ ಇನ್ನೂ ಜಾಸ್ತಿ. ಹೊಸದು ಕೊಳ್ಳುವ ಬದಲು ಇರುವುದರಿಂದಲೇ ಇನ್ನಷ್ಟು ಕೆಲಸ ತೆಗೆಯೋಣ ಅನ್ನುವುದು ನ್ಯಾಯವಾದ ಆಸೆ. ಹೀಗೆ ತಯಾರಕರು ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಡೀ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಟಿಕ್ಕರ್ ಮೇಲಿನ ಕಂಪನಿ ಹೆಸರು ನೋಡಿ ಯಾವ ರ‍್ಯಾಮ್ ಜಾಸ್ತಿ ಓಡುತ್ತದೆ ಎಂದು ಹೇಳಲು ಆಗುವುದಿಲ್ಲ. ಕೋರ್ಸೇರ್, ಜಿ.ಸ್ಕಿಲ್, ಏಡೇಟಾ ಇಂಥ ಕಂಪನಿಗಳು ಚಿಪ್ ತಯಾರಿಸುವುದಿಲ್ಲ. ಚಿಪ್ ತರಿಸಿ, ಹಸಿರು ಅಥವಾ ಕಪ್ಪು ಪಟ್ಟಿಯ ಮೇಲೆ ಕೂರಿಸಿ, ಮೇಲೊಂದು ಲೋಹದ ಹೊದಿಕೆ ಹಾಕಿ ಮಾರುತ್ತವೆ. ಚಿಪ್ ಬರುವುದು ಹೆಚ್ಚಾಗಿ ಮೂರೇ ಮನೆಯಿಂದ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಹೋದ ವರ್ಷ ನೀವು ಕೊಂಡ ಮಾಡೆಲ್ಲನ್ನೇ ನಿಮ್ಮ ಗೆಳೆಯ ಈ ವರ್ಷ ಕೊಂಡರೂ ಒಳಗಿನ ಚಿಪ್ ಬೇರೆ ಇರಬಹುದು. ನಾವು ಹೋಲಿಸಬೇಕಾದದ್ದು ಚಿಪ್ಪನ್ನು, ಡಬ್ಬಿಯನ್ನಲ್ಲ.

ಮೊದಲು ಕೆಲವು ಪದಗಳು

ಡೈ: ಚಿಪ್ಪಿನ ಒಳಗಿರುವ ಸಿಲಿಕಾನ್ ತುಂಡು. ಪ್ರತಿ ವಿನ್ಯಾಸಕ್ಕೂ ಒಂದು ಅಕ್ಷರದ ಹೆಸರಿರುತ್ತದೆ. ಸ್ಯಾಮ್‌ಸಂಗ್ ಬಿ-ಡೈ, ಮೈಕ್ರಾನ್ ಇ-ಡೈ, ಹೈನಿಕ್ಸ್ ಸಿಜೆಆರ್, ಡಿಜೆಆರ್ ಅಂತ ಕೇಳಿರುತ್ತೀರಿ. ಈ ಅಕ್ಷರ ಗೊತ್ತಾದರೆ ಆ ಚಿಪ್ಪಿನ ಸ್ವಭಾವ ಅರ್ಧ ಗೊತ್ತಾದಂತೆ.

ಬಿನ್: ಒಂದೇ ಡೈನ ಚಿಪ್‌ಗಳನ್ನು ಪರೀಕ್ಷಿಸಿ ವಿಂಗಡಿಸಿದ ದರ್ಜೆ. ಮಂಡ್ಯದ ಬೆಲ್ಲದ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಆಲೆಮನೆಯ ಬೆಲ್ಲವನ್ನೂ ಬಣ್ಣ ನೋಡಿ, ಗಟ್ಟಿ ನೋಡಿ ಬೇರೆ ರಾಶಿ ಹಾಕಿ ಬೇರೆ ಬೆಲೆ ಕಟ್ಟುತ್ತಾರಲ್ವಾ? ಇಲ್ಲೂ ಅಷ್ಟೇ. ಹಾಗಾಗಿ ಎರಡೂ ಬಿ-ಡೈ ಆದ ಮಾತ್ರಕ್ಕೆ ಎರಡೂ ಸಮ ಅಲ್ಲ.

ವೇಗ: 3600 ಅಂದರೆ ಸೆಕೆಂಡಿಗೆ 360 ಕೋಟಿ ಸಲ ಡೇಟಾ ಸಾಗುವುದು. ಒಂದು ಗಡಿಯಾರದ ಬಡಿತಕ್ಕೆ ಎರಡು ಸಲ ಸಾಗುವುದರಿಂದ ಸಿಪಿಯು-ಝಡ್‌ನಂಥ ತಂತ್ರಾಂಶಗಳು ಇದನ್ನೇ 1800 ಎಂದು ತೋರಿಸುತ್ತವೆ. "ಅಂಗಡಿಯವರು ಅರ್ಧ ಸ್ಪೀಡಿನ ರ‍್ಯಾಮ್ ಕೊಟ್ಟು ಮೋಸ ಮಾಡಿದ್ರು" ಎಂದು ಗಾಬರಿಯಾದವರು ಎಷ್ಟೋ ಜನ. ಗಾಬರಿ ಬೇಡ, ಎರಡರಿಂದ ಗುಣಿಸಿ.

ಟೈಮಿಂಗ್: 16-18-18-38 ಎಂದು ಬರೆದಿರುವ ಸಂಖ್ಯೆಗಳು. ಕೇಳಿದ ಮೇಲೆ ಎಷ್ಟು ಬಡಿತ ಕಾಯಬೇಕು ಅನ್ನುವ ಲೆಕ್ಕ. ಮೊದಲನೆಯದು ಸಿಎಲ್, ಎರಡನೆಯದು ಟಿಆರ್‌ಸಿಡಿ, ಮೂರನೆಯದು ಟಿಆರ್‌ಪಿ, ಕೊನೆಯದು ಟಿಆರ್‌ಎಎಸ್. ಕಡಿಮೆ ಇದ್ದಷ್ಟೂ ಒಳ್ಳೆಯದು.

ಎಕ್ಸ್‌ಎಂಪಿ: ತಯಾರಕರೇ ಪರೀಕ್ಷಿಸಿ ರ‍್ಯಾಮ್ ಒಳಗೆ ಬರೆದಿಟ್ಟ ಸಿದ್ಧ ಸೆಟ್ಟಿಂಗ್. ಡಿಡಿಆರ್5ನಲ್ಲಿ (ಡಿಡಿಆರ್4ರ ನಂತರದ ತಲೆಮಾರಿನ ರ‍್ಯಾಮ್) ಎಎಂಡಿ ಬೋರ್ಡ್‌ಗಳಿಗೆ ಇದೇ ಬಗೆಯ ಎಕ್ಸ್‌ಪೋ ಇದೆ.

ರ‍್ಯಾಂಕ್: ಒಂದು ಕಡ್ಡಿಯಲ್ಲಿ (ಸ್ಲಾಟ್‌ಗೆ ಹಾಕುವ ಒಂದು ರ‍್ಯಾಮ್ ಪಟ್ಟಿ) ಚಿಪ್‌ಗಳ ಎಷ್ಟು ತಂಡ ಇದೆ ಅನ್ನುವುದು. 8 ಜಿಬಿ ಡಿಡಿಆರ್4 ಕಡ್ಡಿಯಲ್ಲಿ ಸಾಮಾನ್ಯವಾಗಿ ಎಂಟು ಚಿಪ್‌ನ ಒಂದು ತಂಡ. ಅದೇ ಚಿಪ್ ಹದಿನಾರು ಹಾಕಿ 16 ಜಿಬಿ ಮಾಡಿದರೆ ಎರಡು ತಂಡ. ಎರಡು ತಂಡದ ಕಡ್ಡಿ ಅಷ್ಟು ಮೇಲೆ ಏರುವುದಿಲ್ಲ, ಆದರೆ ಅದೇ ವೇಗದಲ್ಲಿ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಒಂದು ರ‍್ಯಾಂಕ್ ಕಡ್ಡಿಯನ್ನು ಎರಡು ರ‍್ಯಾಂಕ್ ಕಡ್ಡಿಯ ಜೊತೆ ಬರೀ ವೇಗ ನೋಡಿ ಹೋಲಿಸಬೇಡಿ.

ಏನೇನು ಬೇಕು

ಒಂದು 4 ಅಥವಾ 8 ಜಿಬಿ ಪೆನ್‌ಡ್ರೈವ್, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಲು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ, ಸಿಪಿಯು-ಝಡ್ (ಎರಡೂ ಒಳಗಿನ ಸಂಖ್ಯೆ ತೋರಿಸಲು), ಟೆಸ್ಟ್‌ಮೆಮ್5 (ಪರೀಕ್ಷೆಗೆ). ಎಎಂಡಿಯ ರೈಜನ್ ಪ್ರೊಸೆಸರ್ ಇದ್ದರೆ ಟೈಮಿಂಗ್ ತೋರಿಸುವ ಝೆನ್‌ಟೈಮಿಂಗ್ಸ್ ಕೂಡ. ಒಂದು ಸಣ್ಣ ಫ್ಯಾನ್. ಒಂದು ನೋಟ್‌ಬುಕ್ಕು, ಪೆನ್ನು. ನೋಟ್‌ಬುಕ್ ಯಾಕೆ ಅಂತೀರಾ? ಪರೀಕ್ಷೆಯ ನಡುವೆ ಕಂಪ್ಯೂಟರ್ ಎಷ್ಟೋ ಸಲ ನಿಂತುಹೋಗುತ್ತದೆ. ಅದರಲ್ಲೇ ಬರೆದಿಟ್ಟುಕೊಂಡರೆ ಬರೆದದ್ದೂ ಹೋಗುತ್ತದೆ.

ಯುಪಿಎಸ್ ಇದ್ದರೆ ಬಹಳ ಒಳ್ಳೆಯದು. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಗಮನಿಸಿ: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ಕೆಲವು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತವೆ. ನೀವು ಪಕ್ಕದ ಕೋಣೆಯಲ್ಲಿದ್ದರೆ ಅದನ್ನು ರ‍್ಯಾಮ್ ತಪ್ಪು ಎಂದು ಬರೆದುಕೊಂಡುಬಿಡುತ್ತೀರಿ.

ಶುರು ಮಾಡುವ ಮುಂಚೆ ಮುಖ್ಯವಾದ ಫೈಲುಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಆ ಡ್ರೈವನ್ನು ಬಿಚ್ಚಿಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ, ಮುಂದೆ ಹೇಳುತ್ತೇನೆ.

ಹಂತ 1: ಬೋರ್ಡ್ ಬಿಡುತ್ತದೆಯಾ ನೋಡಿ

ರ‍್ಯಾಮ್ ಎಷ್ಟು ಒಳ್ಳೆಯದಾದರೂ ವೇಗ ಏರಿಸಲು ಮದರ್‌ಬೋರ್ಡ್ ಬಿಡದಿದ್ದರೆ ಏನೂ ಮಾಡಲಾಗದು. ಇಂಟೆಲ್‌ನಲ್ಲಿ ಝಡ್ ಸಾಲಿನ ಬೋರ್ಡ್‌ಗಳು ಬಿಡುತ್ತವೆ. ಬಿ560ರಿಂದ ಈಚೆಗೆ ಬಿ660, ಬಿ760 ಕೂಡ ಬಿಡುತ್ತವೆ. ಎಚ್510, ಎಚ್610 ಬಿಡುವುದಿಲ್ಲ. ಎಎಂಡಿಯಲ್ಲಿ ಬಿ450, ಬಿ550, ಬಿ650 ಎಲ್ಲದರಲ್ಲೂ ಆಗುತ್ತದೆ. ಎಚ್610 ಬೋರ್ಡ್ ಇಟ್ಟುಕೊಂಡು ದುಬಾರಿ ರ‍್ಯಾಮ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲು ಹತ್ತಬೇಡಿ.

ಎರಡನೆಯ ಮಿತಿ ಪ್ರೊಸೆಸರ್‌ನ ಒಳಗಿನ ಮೆಮೊರಿ ಕಂಟ್ರೋಲರ್. ರೈಜನ್ 3000 ಮತ್ತು 5000 ಸಾಲಿನಲ್ಲಿ ರ‍್ಯಾಮ್ ಬಡಿತವೂ ಪ್ರೊಸೆಸರ್‌ನ ಒಳದಾರಿಯ ಬಡಿತವೂ ಒಂದೇ ಇದ್ದರೆ ಚೆನ್ನ. ಅದು 3600ರಿಂದ 3800ರವರೆಗೆ ಸಾಧ್ಯ. ಅದಕ್ಕಿಂತ ಮೇಲೆ ಹೋದರೆ ಎರಡೂ ಬೇರೆಯಾಗಿ ಕಾಯುವ ಸಮಯ ಹೆಚ್ಚುತ್ತದೆ. ರೈಜನ್ 7000ದಿಂದ ಈಚೆಗೆ ಡಿಡಿಆರ್5 6000 ಅನ್ನುವುದು ಹದವಾದ ಜಾಗ. ಇಂಟೆಲ್‌ನ 11ನೇ ತಲೆಮಾರಿನಿಂದ ಗೇರ್ 1, ಗೇರ್ 2 ಎಂಬ ಆಯ್ಕೆ ಇದೆ. ಗೇರ್ 2ರಲ್ಲಿ ಕಂಟ್ರೋಲರ್ ಅರ್ಧ ವೇಗದಲ್ಲಿ ಓಡುತ್ತದೆ. ಬೋರ್ಡ್ ಹೇಳದೆ ಕೇಳದೆ ಗೇರ್ 2ಕ್ಕೆ ಹೋಗಿರಬಹುದು. ಹೋಲಿಸುವಾಗ ಎರಡೂ ರ‍್ಯಾಮ್ ಒಂದೇ ಗೇರ್‌ನಲ್ಲಿರಲಿ.

ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡು ಕಡ್ಡಿ ಹಾಕುವುದಾದರೆ ಪ್ರೊಸೆಸರ್‌ನಿಂದ ಎಣಿಸಿ ಎರಡು ಮತ್ತು ನಾಲ್ಕನೆಯದು. ಇವತ್ತಿನ ಹೆಚ್ಚಿನ ಬೋರ್ಡ್‌ಗಳ ವೈರಿಂಗ್ ಇದಕ್ಕೇ ಹೊಂದಿದೆ. ಸ್ಲಾಟ್ ತಪ್ಪಿದರೆ ಒಳ್ಳೆಯ ಚಿಪ್ ಕೂಡ ಸೋತಂತೆ ಕಾಣುತ್ತದೆ.

ಹಂತ 2: ಒಳಗೆ ಯಾವ ಚಿಪ್ ಇದೆ ಪತ್ತೆ ಮಾಡಿ

ಇದು ಎಲ್ಲಕ್ಕಿಂತ ಖುಷಿ ಕೊಡುವ ಹಂತ. ಅವಸರ ಮಾಡಬೇಡಿ.

ಮೊದಲು ಕಡ್ಡಿಯ ಲೇಬಲ್. ಕೋರ್ಸೇರ್ ಡಿಡಿಆರ್4 ಕಡ್ಡಿಯಲ್ಲಿ ಸಣ್ಣ ಅಕ್ಷರದಲ್ಲಿ "ವರ್ಷನ್ 4.31" ಅನ್ನುವಂಥ ಸಂಖ್ಯೆ ಇರುತ್ತದೆ. ಮೊದಲ ಅಂಕಿ 3 ಇದ್ದರೆ ಮೈಕ್ರಾನ್, 4 ಇದ್ದರೆ ಸ್ಯಾಮ್‌ಸಂಗ್, 5 ಇದ್ದರೆ ಹೈನಿಕ್ಸ್, 8 ಇದ್ದರೆ ನಾನ್ಯಾ ಎಂಬ ಇನ್ನೊಂದು ಚಿಪ್ ಕಂಪನಿ. 4.31 ಅಂದರೆ ಸ್ಯಾಮ್‌ಸಂಗ್ ಬಿ-ಡೈ. ಜಿ.ಸ್ಕಿಲ್ ಕಡ್ಡಿಯಲ್ಲಿ 042 ಎಂದು ಶುರುವಾಗುವ ಉದ್ದನೆಯ ಸಂಕೇತ ಹುಡುಕಿ. ಅದರ ಬಾಲ ನೋಡಿ: 10 ಇದ್ದರೆ ಸ್ಯಾಮ್‌ಸಂಗ್, 20 ಇದ್ದರೆ ಹೈನಿಕ್ಸ್, 30 ಇದ್ದರೆ ಮೈಕ್ರಾನ್. ಕೊನೆಯ ಅಕ್ಷರ ಡೈ. 10ಬಿ ಅಂದರೆ ಸ್ಯಾಮ್‌ಸಂಗ್ ಬಿ-ಡೈ, 20ಸಿ ಅಂದರೆ ಹೈನಿಕ್ಸ್ ಸಿಜೆಆರ್, 20ಡಿ ಅಂದರೆ ಡಿಜೆಆರ್. ಡಿಡಿಆರ್5ರಲ್ಲಿ 20ಎ ಇದ್ದರೆ ಹೈನಿಕ್ಸ್ ಎ-ಡೈ, 20ಎಂ ಇದ್ದರೆ ಎಂ-ಡೈ.

ಅಕ್ಷರಗಳು ಸಾಸಿವೆ ಕಾಳಿನಷ್ಟಿರುತ್ತವೆ. ಫೋನ್ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಂಗಡಿಯಲ್ಲಿ ಕೊಳ್ಳುವಾಗಲೂ "ಅಣ್ಣಾ, ಲೇಬಲ್‌ದು ಒಂದು ಫೋಟೋ ತೆಗ್ಕೊಳ್ಳಲಾ?" ಎಂದು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಎಷ್ಟೋ ಪ್ಯಾಕ್‌ಗಳಲ್ಲಿ ಪ್ಲಾಸ್ಟಿಕ್ ಮೂಲಕವೇ ಈ ಸಂಕೇತ ಓದಬಹುದು. ಪ್ಯಾಕ್ ಬಿಚ್ಚಿಸಿ ಆಮೇಲೆ ಬೇಡ ಅನ್ನುವುದಕ್ಕಿಂತ ಇದು ಇಬ್ಬರಿಗೂ ವಾಸಿ.

ಲೋಹದ ಹೊದಿಕೆ ಇಲ್ಲದ ಕಡ್ಡಿಯಾದರೆ ಚಿಪ್ ಮೇಲೆಯೇ ಓದಬಹುದು. ಸ್ಯಾಮ್‌ಸಂಗ್ ಡಿಡಿಆರ್4 ಚಿಪ್‌ನಲ್ಲಿ ಕೆ4ಎ8ಜಿ085ಡಬ್ಲ್ಯುಬಿ ಎಂದಿದ್ದರೆ ಕೊನೆಯ ಬಿ ಅಕ್ಷರವೇ ಬಿ-ಡೈ. ಹೈನಿಕ್ಸ್ ಚಿಪ್‌ನಲ್ಲಿ ಸಿಜೆಆರ್, ಡಿಜೆಆರ್ ಎಂದು ನೇರವಾಗಿಯೇ ಇರುತ್ತದೆ. ಮೈಕ್ರಾನ್ ಚಿಪ್‌ಗಳಲ್ಲಿ ಡಿ9 ಎಂದು ಶುರುವಾಗುವ ಐದು ಅಕ್ಷರದ ಸಂಕೇತ ಇರುತ್ತದೆ. ಅದನ್ನು ಮೈಕ್ರಾನ್ ಜಾಲತಾಣದಲ್ಲಿ ಹಾಕಿದರೆ ಪೂರ್ತಿ ಹೆಸರು ಸಿಗುತ್ತದೆ.

ಎಚ್ಚರ: ಹೊದಿಕೆ ಇರುವ ಕಡ್ಡಿಯನ್ನು ಚಿಪ್ ನೋಡುವ ಆಸೆಗೆ ಕಿತ್ತು ನೋಡಬೇಡಿ. ಒಳಗೆ ಅಂಟಿರುವ ಪಟ್ಟಿ ಗಟ್ಟಿ. ಎಳೆದರೆ ಚಿಪ್ಪೇ ಬೆಸುಗೆ ಬಿಟ್ಟು ಕೈಗೆ ಬರುತ್ತದೆ. ವಾರಂಟಿಯೂ ಹೋಗುತ್ತದೆ.

ಲೇಬಲ್‌ನಲ್ಲಿ ಸುಳಿವು ಸಿಗದಿದ್ದರೆ ಎಕ್ಸ್‌ಎಂಪಿ ಸಂಖ್ಯೆಗಳೇ ಹೇಳುತ್ತವೆ. 1.35 ವೋಲ್ಟ್‌ನಲ್ಲಿ 3200 14-14-14, ಅಥವಾ 3600 16-16-16 ಎಂದು ಮೂರೂ ಸಂಖ್ಯೆ ಸಮ ಇದ್ದರೆ ಅದು ಬಹುಮಟ್ಟಿಗೆ ಬಿ-ಡೈ. 3600 16-19-19 ಇದ್ದರೆ ಸಾಮಾನ್ಯವಾಗಿ ಹೈನಿಕ್ಸ್ ಅಥವಾ ಮೈಕ್ರಾನ್ ಇ-ಡೈ. 3600 18-22-22 ಇದ್ದರೆ ಒಳಗೆ ಏನು ಬೇಕಾದರೂ ಇರಬಹುದು. ಡಿಡಿಆರ್5 6000ದಲ್ಲಿ 30-36-36 ಅಥವಾ 30-38-38 ಹೆಚ್ಚಾಗಿ ಹೈನಿಕ್ಸ್. 36-36-36 ಇದ್ದರೆ ಸ್ಯಾಮ್‌ಸಂಗ್ ಇರುವ ಸಾಧ್ಯತೆ ಹೆಚ್ಚು.

ಥೈಫೂನ್ ಬರ್ನರ್ ಎಂಬ ತಂತ್ರಾಂಶ ಡೈ ಹೆಸರನ್ನೇ ಹೇಳುತ್ತದೆ. ಆದರೆ ಎಷ್ಟೋ ಕಡ್ಡಿಗಳಲ್ಲಿ ಅದು ಸುತ್ತಲಿನ ಮಾಹಿತಿ ನೋಡಿ ಊಹಿಸಿ ಹೇಳುವುದು. ತಯಾರಕರ ಹೆಸರನ್ನು ನಂಬಿ. ಡೈ ಅಕ್ಷರವನ್ನು ಮುಂದಿನ ಪರೀಕ್ಷೆಗಳಿಂದ ಖಚಿತ ಮಾಡಿಕೊಳ್ಳಿ.

ಹಂತ 3: ಬುಡದ ಲೆಕ್ಕ ಬರೆದುಕೊಳ್ಳಿ

ಎರಡೂ ಸೆಟ್ಟನ್ನು ಒಂದೇ ಬೋರ್ಡ್, ಒಂದೇ ಪ್ರೊಸೆಸರ್, ಒಂದೇ ಸ್ಲಾಟ್, ಒಂದೇ ಬಯೋಸ್ (ಮದರ್‌ಬೋರ್ಡ್ ಒಳಗಿನ ಸೆಟ್ಟಿಂಗ್ ತಂತ್ರಾಂಶ) ಆವೃತ್ತಿಯಲ್ಲಿ ಪರೀಕ್ಷಿಸಬೇಕು. ಗೆಳೆಯನ ಮನೆಯಲ್ಲಿ ಅವನ ರ‍್ಯಾಮ್ 3800 ಓಡಿತು, ನಮ್ಮ ಮನೆಯಲ್ಲಿ ನನ್ನದು 3600ಕ್ಕೆ ನಿಂತಿತು ಅನ್ನುವುದು ಹೋಲಿಕೆ ಆಗುವುದಿಲ್ಲ. ಅಲ್ಲಿ ಗೆದ್ದದ್ದು ಅವನ ಬೋರ್ಡ್ ಇರಬಹುದು.

ಕ್ಯಾಬಿನೆಟ್ ತೆಗೆಯುವ ಮುಂಚೆ ಪವರ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿ ಕೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅನ್ನುತ್ತಿದ್ದರೆ ನಿಮ್ಮ ಪ್ಲಗ್ ಪಾಯಿಂಟ್‌ಗೆ ಅರ್ತಿಂಗ್ ಸರಿಯಿಲ್ಲ. ಹಳೆಯ ಮನೆಗಳಲ್ಲಿ ಇದು ಮಾಮೂಲು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಓವರ್‌ಕ್ಲಾಕಿಂಗ್.

ಈಗ ಎಕ್ಸ್‌ಎಂಪಿ ಆನ್ ಮಾಡಿ, ಹಂತ 7ರಲ್ಲಿ ಹೇಳಿದ ಪರೀಕ್ಷೆ ಒಂದು ಸುತ್ತು ಓಡಿಸಿ. ಎಕ್ಸ್‌ಎಂಪಿಯಲ್ಲೇ ತಪ್ಪು ಬಂದರೆ ಮುಂದೆ ಹೋಗಬೇಡಿ. ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ ಮತ್ತೆ ನೋಡಿ. ಆಗಲೂ ತಪ್ಪು ಬಂದರೆ ವಾರಂಟಿಗೆ ಕೊಡಿ.

ನೋಟ್‌ಬುಕ್‌ನಲ್ಲಿ ಹೀಗೆ ಸಾಲು ಹಾಕಿ: ಕಡ್ಡಿ, ವೇಗ, ನಾಲ್ಕು ಟೈಮಿಂಗ್, ವೋಲ್ಟ್, ಕೋಣೆಯ ಬಿಸಿ, ಪಾಸ್ ಅಥವಾ ತಪ್ಪು. ಬೇರೆ ಬೇರೆ ಕೊಂಡ ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಪರೀಕ್ಷಿಸಿ. ಜೋಡಿಯಾಗಿ ಹಾಕಿದಾಗ ಕುಂಟುವುದು ಯಾವುದು ಎಂದು ತಿಳಿಯುವುದಿಲ್ಲ.

ಹಂತ 4: ಎಷ್ಟು ಮೇಲೆ ಏರುತ್ತದೆ

ಬಯೋಸ್‌ನಲ್ಲಿ ಟೈಮಿಂಗ್‌ಗಳನ್ನು ಬೇಕೆಂತಲೇ ಸಡಿಲ ಮಾಡಿ. ಡಿಡಿಆರ್4ಗೆ 20-24-24-44 ಸಾಕು. ರ‍್ಯಾಮ್‌ನ ವೋಲ್ಟ್ 1.40 ಇಡಿ. ಡಿಡಿಆರ್5ಗೆ 40-46-46-90, ವೋಲ್ಟ್ 1.35. ಈಗ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ. 3200, 3333, 3466, 3600 ಹೀಗೆ. ಪ್ರತಿ ಮೆಟ್ಟಿಲಲ್ಲೂ ವಿಂಡೋಸ್‌ಗೆ ಹೋಗುವ ಮುಂಚೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಹತ್ತು ಹದಿನೈದು ನಿಮಿಷ ಓಡಿಸಿ. ತಪ್ಪು ಬರುವ ರ‍್ಯಾಮ್ ಮೇಲೆ ವಿಂಡೋಸ್ ತೆರೆದರೆ ವಿಂಡೋಸ್ ಫೈಲುಗಳೇ ಹಾಳಾಗುತ್ತವೆ.

ಡಿಡಿಆರ್5 ಬೋರ್ಡ್‌ಗಳು ಪ್ರತಿ ಬದಲಾವಣೆಯ ನಂತರ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತವೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಪರದೆ ಕಪ್ಪಗೆ ಕೆಲವು ನಿಮಿಷ ಇರಬಹುದು. "ಸತ್ತೇ ಹೋಯ್ತು" ಎಂದು ಸ್ವಿಚ್ ಆರಿಸಬೇಡಿ. ಕಾಫಿ ಮಾಡಿಕೊಂಡು ಬನ್ನಿ.

ಹದಿನೈದು ನಿಮಿಷವಾದರೂ ಏನೂ ಕಾಣದಿದ್ದರೆ ಕ್ಲಿಯರ್ ಸಿಮಾಸ್ ಮಾಡಬೇಕು, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸುವುದು. ಪವರ್ ವೈರ್ ಕಿತ್ತು, ಬೋರ್ಡ್‌ನಲ್ಲಿ ಆ ಹೆಸರಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಇಲ್ಲವೇ ರೂಪಾಯಿ ನಾಣ್ಯದಂತಿರುವ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಈ ಪಿನ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಎರಡು ಸೆಟ್ಟೂ ಒಂದೇ ವೇಗದಲ್ಲಿ ನಿಂತುಹೋದರೆ ಅದು ರ‍್ಯಾಮ್ ಮಿತಿ ಅಲ್ಲದೇ ಇರಬಹುದು. ಬೋರ್ಡೋ ಪ್ರೊಸೆಸರೋ ತಡೆದಿದೆ. ಆಗ ಈ ಹಂತದಿಂದ ತೀರ್ಪು ಕೊಡಬೇಡಿ, ಮುಂದಿನ ಹಂತ ನೋಡಿ.

ಒಂದು ಮಾತು. ಅತಿ ಹೆಚ್ಚು ವೇಗಕ್ಕೆ ಏರುವ ಚಿಪ್ಪೇ ಒಳ್ಳೆಯ ಚಿಪ್ ಅಂತ ಅಲ್ಲ. ಮೈಕ್ರಾನ್ ಇ-ಡೈ ವೇಗದಲ್ಲಿ ದೊಡ್ಡ ಹೆಸರು ಮಾಡಿದ್ದು. 2019ರಲ್ಲಿ ಮೈಕ್ರಾನ್ ಚಿಪ್ ಇರುವ ಬ್ಯಾಲಿಸ್ಟಿಕ್ಸ್ ಕಡ್ಡಿಯನ್ನು ದ್ರವ ನೈಟ್ರೋಜನ್ ಹಾಕಿ 6000 ದಾಟಿಸಿದ್ದರು. ಬಿ-ಡೈನ ಹೆಸರು ಇರುವುದು ಬಿಗಿ ಟೈಮಿಂಗ್‌ನಲ್ಲಿ. ನಮ್ಮ ದಿನಬಳಕೆಯ ರೈಜನ್ 5000ಕ್ಕೆ 3800 ಮೇಲೆ ಬೇಕೇ ಇಲ್ಲ. ಅಲ್ಲಿ ಬಿಗಿ ಟೈಮಿಂಗ್ ಚಿಪ್ಪೇ ಗೆಲ್ಲುವುದು.

ಹಂತ 5: ಎಷ್ಟು ಬಿಗಿಯಾಗುತ್ತದೆ, ವೋಲ್ಟ್‌ಗೆ ಹೇಗೆ ಬಗ್ಗುತ್ತದೆ

ನನ್ನ ಪ್ರಕಾರ ಚಿಪ್ಪಿನ ನಿಜವಾದ ಗುಣ ಗೊತ್ತಾಗುವುದು ಇಲ್ಲಿ. ಒಂದೇ ದಿನ ಇರುವವರು ಹಂತ 4 ಬಿಟ್ಟು ಇದನ್ನೇ ಮಾಡಿ.

ವೇಗವನ್ನು ಒಂದೇ ಕಡೆ ನಿಲ್ಲಿಸಿ, ಡಿಡಿಆರ್4ಗೆ 3600 ಅಂತ ಇಟ್ಟುಕೊಳ್ಳೋಣ. ವೋಲ್ಟ್ 1.35. ಸಿಎಲ್ ಅನ್ನು ಒಂದೊಂದೇ ಇಳಿಸುತ್ತಾ ಬನ್ನಿ. ತಪ್ಪು ಬಂದ ಸಂಖ್ಯೆ, ಅದರ ಹಿಂದಿನ ಸಂಖ್ಯೆ ಎರಡನ್ನೂ ಬರೆಯಿರಿ. ಮುಗಿದ ಮೇಲೆ ಸಿಎಲ್ ಸಡಿಲ ಮಾಡಿ, ಟಿಆರ್‌ಸಿಡಿ ಒಂದನ್ನೇ ಇಳಿಸಿ. ಆಮೇಲೆ ಟಿಆರ್‌ಪಿ. ಒಮ್ಮೆಗೆ ಒಂದೇ ಸಂಖ್ಯೆ. ಎರಡು ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರದ್ದು ಎಂದು ಹೇಳುವವರು ಯಾರು?

ಈಗ ಇದನ್ನೇ 1.40ರಲ್ಲಿ, ಮತ್ತೆ 1.45ರಲ್ಲಿ ಮಾಡಿ. ನೋಟ್‌ಬುಕ್‌ನಲ್ಲಿ ಮೂರು ಸಾಲು ಸಿಗುತ್ತದೆ. ಆ ಮೂರು ಸಾಲೇ ಚಿಪ್ಪಿನ ಜಾತಕ.

ವೋಲ್ಟ್ ಏರಿದಂತೆ ಸಿಎಲ್, ಟಿಆರ್‌ಸಿಡಿ, ಟಿಆರ್‌ಪಿ ಮೂರೂ ಇಳಿಯುತ್ತಾ ಬಂದರೆ ಅದು ಸ್ಯಾಮ್‌ಸಂಗ್ ಬಿ-ಡೈ. 1.35ರಲ್ಲಿ ಸಿಎಲ್16 ಇದ್ದದ್ದು 1.45ರ ಹತ್ತಿರ 14ಕ್ಕೋ 15ಕ್ಕೋ ಬರುತ್ತದೆ. ಸಿಎಲ್ ಮಾತ್ರ ಇಳಿದು ಟಿಆರ್‌ಸಿಡಿ ಎಷ್ಟು ವೋಲ್ಟ್ ಕೊಟ್ಟರೂ 18ಕ್ಕೋ 19ಕ್ಕೋ ಅಂಟಿಕೊಂಡು ಕೂತರೆ ಮೈಕ್ರಾನ್ ಇ-ಡೈ ಅಥವಾ ಹೈನಿಕ್ಸ್ ಸಿಜೆಆರ್, ಡಿಜೆಆರ್ ಸಾಲಿನದು. ಇವೂ ಒಳ್ಳೆಯ ಚಿಪ್‌ಗಳೇ, ಬೆಲೆಗೆ ತಕ್ಕ ಕೆಲಸ ಮಾಡುತ್ತವೆ. ಟಿಆರ್‌ಸಿಡಿ ಜೊತೆ ಗುದ್ದಾಡಿ ಸಮಯ ಕಳೆಯಬೇಡಿ ಅಷ್ಟೇ. ವೋಲ್ಟ್ ಏರಿಸಿದಷ್ಟೂ ತಪ್ಪು ಜಾಸ್ತಿಯಾದರೆ ಸ್ಯಾಮ್‌ಸಂಗ್ ಸಿ-ಡೈ ಇರಬಹುದು. ಅದು 1.35 ದಾಟಿದರೆ ಹಿಂದಕ್ಕೆ ಹೋಗುವುದೇ ಜಾಸ್ತಿ.

ಬಿ-ಡೈ ತಯಾರಿಕೆ ನಿಲ್ಲಿಸುವುದಾಗಿ ಸ್ಯಾಮ್‌ಸಂಗ್ 2019ರಲ್ಲೇ ಹೇಳಿತ್ತು. ಹಾಗಾಗಿ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವುದೇ ಹೆಚ್ಚು. ಹಳೆಯ ಕಡ್ಡಿ ಎಂದು ಯಾರಾದರೂ ಅಗ್ಗಕ್ಕೆ ಕೊಡುತ್ತಿದ್ದರೆ ಲೇಬಲ್ ನೋಡದೆ ಬಿಡಬೇಡಿ.

ಬೇರೆ ಬೇರೆ ವೇಗದ ಎರಡು ಕಡ್ಡಿ ಹೋಲಿಸಲು ಒಂದು ಸುಲಭ ಲೆಕ್ಕ ಇದೆ. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ಬರುವುದು ನ್ಯಾನೋಸೆಕೆಂಡ್. 3200 ಸಿಎಲ್16 ಅಂದರೆ 10. 3600 ಸಿಎಲ್18 ಅಂದರೂ 10. ಕಾಯುವ ಸಮಯ ಎರಡಕ್ಕೂ ಒಂದೇ. 3200 ಸಿಎಲ್14 ಅಂದರೆ 8.75. ಡಿಡಿಆರ್5 6000 ಸಿಎಲ್30 ಅಂದರೆ 10, ಸಿಎಲ್40 ಅಂದರೆ 13.3. "ಡಿಡಿಆರ್5 ತಗೊಂಡೆ, ಯಾಕೋ ವ್ಯತ್ಯಾಸವೇ ಕಾಣಲ್ಲ" ಅನ್ನುವವರಲ್ಲಿ ಕೆಲವರಿಗೆ ಉತ್ತರ ಈ ಕೊನೆಯ ಸಂಖ್ಯೆಯಲ್ಲಿದೆ.

ರೈಜನ್ ಬಳಕೆದಾರರು ಎಡವುವ ಜಾಗ: ಗೇರ್‌ಡೌನ್ ಮೋಡ್. ಇದು ಆನ್ ಇದ್ದರೆ ಬೆಸ ಸಂಖ್ಯೆಯ ಸಿಎಲ್ ನಡೆಯುವುದಿಲ್ಲ. ನೀವು 15 ಹಾಕಿದರೂ ಬೋರ್ಡ್ 16 ಮಾಡಿಕೊಳ್ಳುತ್ತದೆ. ಸಿಎಲ್15 ಪಾಸಾಯಿತು ಎಂದು ಖುಷಿಪಟ್ಟು ಬರೆಯುವ ಮುಂಚೆ ಝೆನ್‌ಟೈಮಿಂಗ್ಸ್‌ನಲ್ಲಿ ನಿಜವಾಗಿ ಎಷ್ಟಿದೆ ನೋಡಿ.

ವೋಲ್ಟ್ ವಿಷಯದಲ್ಲಿ ಕೈ ಸುಟ್ಟುಕೊಳ್ಳಬೇಡಿ. ಡಿಡಿಆರ್4ನ ಮೂಲ ಮಟ್ಟ 1.2, ಎಕ್ಸ್‌ಎಂಪಿ ಸಾಮಾನ್ಯವಾಗಿ 1.35. ಫ್ಯಾನ್ ಗಾಳಿ ಇಲ್ಲದೆ ದಿನವೂ ಓಡಿಸುವುದಾದರೆ 1.45 ದಾಟಬೇಡಿ ಅನ್ನುವುದು ನನ್ನ ಸಲಹೆ. ಡಿಡಿಆರ್5ನ ಮೂಲ ಮಟ್ಟ 1.1. ಅದರಲ್ಲಿ ವೋಲ್ಟ್ ನೋಡಿಕೊಳ್ಳುವ ಪುಟ್ಟ ಚಿಪ್ ಕಡ್ಡಿಯ ಮೇಲೇ ಇರುತ್ತದೆ. ಅದು ಬೀಗ ಹಾಕಿದ ಬಗೆಯದಾದರೆ 1.435 ಮೇಲೆ ಹೋಗುವುದೇ ಇಲ್ಲ. ರೈಜನ್ 7000ದಲ್ಲಿ ಎಸ್‌ಒಸಿ ವೋಲ್ಟ್ ಬೇರೆಯೇ ವಿಷಯ. ಅದು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವುದು. 2023ರಲ್ಲಿ ಕೆಲವು ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ ಇದಕ್ಕೆ 1.3 ಮಿತಿ ಹಾಕಿತು. ನಿಮ್ಮ ಬಯೋಸ್ ಅದಕ್ಕಿಂತ ಹಳೆಯದಾದರೆ ಮೊದಲು ಅಪ್‌ಡೇಟ್ ಮಾಡಿ. ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಬಾರದು. ಮಳೆ ಗುಡುಗಿನ ಸಂಜೆ ಇದಕ್ಕೆ ಕೈ ಹಾಕಬೇಡಿ.

ಹಂತ 6: ಟಿಆರ್‌ಎಫ್‌ಸಿ ಎಂಬ ಬೆರಳಚ್ಚು

ರ‍್ಯಾಮ್ ಒಳಗಿನ ಡೇಟಾ ಸುಮ್ನೆ ಬಿಟ್ಟರೆ ಅಳಿಸಿಹೋಗುತ್ತದೆ. ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಒಂದು ಸಲ ತುಂಬಲು ತೆಗೆದುಕೊಳ್ಳುವ ಸಮಯ ಟಿಆರ್‌ಎಫ್‌ಸಿ. ಇದು ಡೈನಿಂದ ಡೈಗೆ ಬಹಳ ಬೇರೆ. 8 ಗಿಗಾಬಿಟ್ ಬಿ-ಡೈಗೆ 120ರಿಂದ 180 ನ್ಯಾನೋಸೆಕೆಂಡ್ ಸಾಕು. ಹೈನಿಕ್ಸ್ ಸಿಜೆಆರ್, ಡಿಜೆಆರ್‌ಗೆ 260ರಿಂದ 280 ಬೇಕು. ಮೈಕ್ರಾನ್ ಇ-ಡೈಗೆ 280ರಿಂದ 310.

ಬಯೋಸ್‌ನಲ್ಲಿ ಇದನ್ನು ಬಡಿತದ ಲೆಕ್ಕದಲ್ಲಿ ಹಾಕಬೇಕು. ನ್ಯಾನೋಸೆಕೆಂಡನ್ನು ವೇಗದಿಂದ ಗುಣಿಸಿ 2000ದಿಂದ ಭಾಗಿಸಿ. 3600ರಲ್ಲಿ 160 ನ್ಯಾನೋಸೆಕೆಂಡ್ ಅಂದರೆ 288. ಅದೇ ವೇಗದಲ್ಲಿ 300 ಅಂದರೆ 540. 288ರಲ್ಲಿ ಪಾಸಾದರೆ ಅದು ಬಿ-ಡೈ, ಲೇಬಲ್ ಏನೇ ಹೇಳಲಿ. 500ರ ಕೆಳಗೆ ಇಳಿಯಲು ಒಪ್ಪದಿದ್ದರೆ ಬಿ-ಡೈ ಅಲ್ಲ, ಮಾರುವವರು ಏನೇ ಹೇಳಲಿ.

ಹಂತ 7: ನಿಜವಾಗಿ ನಿಲ್ಲುತ್ತದೆಯಾ

ವಿಂಡೋಸ್ ತೆರೆಯಿತು, ಗೇಮ್ ಓಡಿತು, ಅಷ್ಟಕ್ಕೇ ಪಾಸ್ ಅಂತ ಬರೆಯಬೇಡಿ. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆಯೂ ಈ ಕೆಲಸಕ್ಕೆ ಸಾಲದು. ಮೆಮ್‌ಟೆಸ್ಟ್86ನ ನಾಲ್ಕು ಸುತ್ತು ಪೂರ್ತಿ ಮುಗಿಸಿ. ಆಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5ಕ್ಕೆ ಆಂಟಾ777 ಎಂಬ ಸಿದ್ಧ ಸೆಟ್ಟಿಂಗ್ ಹಾಕಿ ಮೂರು ಸುತ್ತು ಓಡಿಸಿ. ರ‍್ಯಾಮ್ ಜಾಸ್ತಿ ಇದ್ದರೆ ಇದಕ್ಕೆ ಗಂಟೆಗಟ್ಟಲೆ ಬೇಕು. ಒಂದೇ ಒಂದು ತಪ್ಪು ಬಂದರೂ ತಪ್ಪೇ. "ಒಂದೇ ಅಲ್ವಾ" ಎಂದು ಬಿಡಬೇಡಿ.

ಹಾಗೆ ಬಿಟ್ಟು ನಾನು ಕಳೆದುಕೊಂಡಿದ್ದೇನೆ. ಮೈಸೂರಿನಲ್ಲಿ ಡಿಸೆಂಬರ್ ರಾತ್ರಿ ಪಾಸಾದ ಸೆಟ್ಟಿಂಗ್ ಅದು. ಏಪ್ರಿಲ್‌ನಲ್ಲಿ ಮಂಡ್ಯದ ಮನೆಯಲ್ಲಿ, ಶೀಟ್ ಹಾಕಿದ ಮಹಡಿ ಕೋಣೆಯಲ್ಲಿ, ಅಕ್ಕನ ಮಗಳ ನಾಮಕರಣದ ಫೋಟೋಗಳನ್ನು ಅದೇ ಕಂಪ್ಯೂಟರ್‌ಗೆ ಹಾಕಿಕೊಂಡು ಕ್ಯಾಮೆರಾ ಕಾರ್ಡ್ ಖಾಲಿ ಮಾಡಿದೆ. ತೆರೆದು ನೋಡಿದರೆ ಸುಮಾರು ಫೋಟೋಗಳಲ್ಲಿ ಮೇಲರ್ಧ ಸರಿ, ಕೆಳಗರ್ಧ ಬೂದು ಬಣ್ಣ. ತೊಟ್ಟಿಲು ಕಾಣುತ್ತಿತ್ತು, ಮಗು ಕಾಣುತ್ತಿರಲಿಲ್ಲ. ಕಂಪ್ಯೂಟರ್ ಒಮ್ಮೆಯೂ ನಿಂತಿರಲಿಲ್ಲ, ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಮೊದಲೇ ಕಾಪಿ ಮಾಡಿ ಡ್ರೈವ್ ಬಿಚ್ಚಿಡಿ ಎಂದದ್ದು ಇದಕ್ಕೇ.

ಆದ್ದರಿಂದ ಕೊನೆಯ ಪರೀಕ್ಷೆಯನ್ನು ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ಹಾಕಿದ ಕೋಣೆಯಲ್ಲಿ, ಕ್ಯಾಬಿನೆಟ್ ಬಾಗಿಲು ಮುಚ್ಚಿ ಮಾಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನೂ ಬಿಸಿ ಮಾಡಿ. ಅದರ ಬಿಸಿಗಾಳಿ ನೇರ ರ‍್ಯಾಮ್ ಮೇಲೇ ಹೋಗುವುದು. ಬಿ-ಡೈ ಬಿಗಿ ಟೈಮಿಂಗ್‌ನಲ್ಲಿ 50 ಡಿಗ್ರಿ ಹತ್ತಿರ ಬಂದರೆ ತಪ್ಪು ಮಾಡಲು ಶುರು ಮಾಡುತ್ತದೆ. ಡಿಡಿಆರ್5 ಕಡ್ಡಿಗಳಲ್ಲಿ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ, ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುತ್ತದೆ. ಡಿಡಿಆರ್4ನಲ್ಲಿ ಕೆಲವಕ್ಕೆ ಮಾತ್ರ ಇರುತ್ತದೆ. ಹೋಲಿಸುವಾಗ ಒಂದು ಕಡ್ಡಿಯನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಪರೀಕ್ಷಿಸಿದರೆ ಮಧ್ಯಾಹ್ನದ್ದಕ್ಕೆ ಅನ್ಯಾಯವಾಗುತ್ತದೆ.

ಡಿಡಿಆರ್5ರಲ್ಲಿ ಇನ್ನೊಂದು ಬಲೆ ಇದೆ. ಚಿಪ್ಪಿನ ಒಳಗೇ ಸಣ್ಣ ತಪ್ಪು ತಿದ್ದುವ ವ್ಯವಸ್ಥೆ ಇದೆ. ಅದು ಕೆಲವು ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯ ತಪ್ಪನ್ನು ಅದು ತಿದ್ದುವುದೂ ಇಲ್ಲ. ಪ್ರತಿ ಮೆಟ್ಟಿಲಲ್ಲೂ ಐಡಾ64ನಂಥ ತಂತ್ರಾಂಶದಲ್ಲಿ ವೇಗ ಅಳೆಯಿರಿ. ಸಂಖ್ಯೆ ಏರಿಸಿದರೂ ಫಲಿತಾಂಶ ಇಳಿದರೆ ಒಂದು ಮೆಟ್ಟಿಲು ಹಿಂದೆ ಬನ್ನಿ.

ಡಿಡಿಆರ್5 ಕೊಳ್ಳಬೇಕೆಂದಿರುವವರಿಗೆ ಚಿಕ್ಕದಾಗಿ: ಹೈನಿಕ್ಸ್ ಎ-ಡೈ ಮತ್ತು ಎಂ-ಡೈ ಮೊದಲ ಆಯ್ಕೆ. ಒಳ್ಳೆಯ ಇಂಟೆಲ್ ಬೋರ್ಡ್‌ನಲ್ಲಿ ಎ-ಡೈ 7200 ದಾಟುತ್ತದೆ. 24 ಜಿಬಿ ಕಡ್ಡಿಗಳಲ್ಲಿರುವ ಹೈನಿಕ್ಸ್ 24 ಗಿಗಾಬಿಟ್ ಚಿಪ್ ಕೂಡ ಚೆನ್ನಾಗಿ ಏರುತ್ತದೆ. ಮೊದಮೊದಲು ಬಂದ ಮೈಕ್ರಾನ್ ಡಿಡಿಆರ್5 ಚಿಪ್‌ಗಳು ಏರುವುದು ಕಡಿಮೆ. ರೈಜನ್‌ಗೆ 6000 ಸಾಕಾದ್ದರಿಂದ ಎಂ-ಡೈ ಅಗ್ಗಕ್ಕೆ ಸಿಕ್ಕರೆ ಎ-ಡೈಗಾಗಿ ಹೆಚ್ಚು ದುಡ್ಡು ಸುರಿಯಬೇಡಿ.

ಹಂತ 8: ದಿನಬಳಕೆಗೆ ಇಡಿ

ಪಾಸಾದ ಕೊನೆಯ ಸೆಟ್ಟಿಂಗನ್ನೇ ದಿನವೂ ಓಡಿಸಬೇಡಿ. ವೇಗ ಒಂದು ಮೆಟ್ಟಿಲು ಇಳಿಸಿ, ಅಥವಾ ಸಿಎಲ್ ಒಂದು ಸಡಿಲ ಮಾಡಿ. ಬೇಸಿಗೆಗೂ ಧೂಳಿಗೂ ಅಷ್ಟು ಜಾಗ ಬೇಕು. ಬಯೋಸ್‌ನಲ್ಲಿ ಪ್ರೊಫೈಲ್ ಆಗಿ ಉಳಿಸಿ. ಬಯೋಸ್ ಅಪ್‌ಡೇಟ್ ಮಾಡಿದರೆ ಈ ಪ್ರೊಫೈಲ್‌ಗಳು ಅಳಿಸಿಹೋಗುವುದುಂಟು. ಹಾಗಾಗಿ ಪ್ರತಿ ಪುಟದ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ. ಕಂಪ್ಯೂಟರ್‌ನಲ್ಲೇ ಇಟ್ಟರೆ ಅದು ಆನ್ ಆಗದ ದಿನ ಆ ಫೋಟೋ ಸಿಗುವುದಿಲ್ಲ.